ಏಳನೇ ಕೋಣೆಯ ಉಸಿರು

ಡಿಸೆಂಬರ್ 9, ಮಂಗಳವಾರ

ಏಳನೇ ಕೋಣೆಯೂ ಮುಗಿಯಿತು. ಶಾಲೆಯ ಹಳೇ ಕಟ್ಟಡದಲ್ಲಿ ಇನ್ನು ಒಂದು ಸಂದೂ ಬಾಕಿ ಇಲ್ಲ. ಕಿಟಕಿ, ಬಾಗಿಲು, ಸೂರಿನ ಕೆಳಗಿನ ಕಿಂಡಿ — ಎಲ್ಲಕ್ಕೂ ರಬ್ಬರ್ ಪಟ್ಟಿ, ಫೋಮು. ಈ ಕಟ್ಟಡ ನನ್ನ ಬನಿಯನ್ ಇದ್ದ ಹಾಗೆ. ತೂತು ಎಣಿಸುವ ಬದಲು ಬಟ್ಟೆ ಎಣಿಸುವುದು ಸುಲಭ.

ಮೀಟರ್ ಮೇಡಂ ಬಂದು ಕೈಯಿಟ್ಟು ನೋಡಿದಳು. ಶಾಲೆಗಳ ಕರೆಂಟು ಉಳಿಸುವುದೇ ಆಕೆಯ ಕೆಲಸ. ಬಿಸಿ ಹೊರಗೆ ಸೋರಬಾರದಂತೆ. ಚಳಿಗೆ ಏಳು ಕೋಣೆಗೂ ಬಿಸಿ ನೀರು ಹರಿಸುವ ಒಂದೇ ಬಾಯ್ಲರ್, ಒಂದೇ ಪೈಪು. ಸೋರಿದಷ್ಟೂ ಅದು ಕರೆಂಟು ಕುಡಿಯುತ್ತದೆ.

ಜನವರಿ 12ರೊಳಗೆ ಕರೆಂಟಿನ ಖರ್ಚು ಮೂರರಲ್ಲಿ ಒಂದು ಪಾಲು ಇಳಿಯಬೇಕು. ಇಳಿಯದಿದ್ದರೆ ಹಳೇ ಕಟ್ಟಡಕ್ಕೆ ಬೀಗ. ಮಕ್ಕಳಿಗೆ ಹೊಸ ಕಟ್ಟಡ ಇದೆ. ನಮಗೆ? ಈ ಕಟ್ಟಡದ ತುದಿಯಲ್ಲೇ ಜವಾನನಿಗೆ ಅಂತ ಕೊಟ್ಟ ನಮ್ಮ ಒಂದೂವರೆ ಕೋಣೆಯ ಮನೆ, ಏಳನೇ ಕೋಣೆಗೆ ಗೋಡೆ ಹಂಚಿಕೊಂಡು. ಹತ್ತೊಂಬತ್ತು ವರ್ಷ ಆಯಿತು. ಇವಳಿಗೆ, ನನ್ನ ಹೆಂಡತಿಗೆ, ಇನ್ನೂ ಪೂರ್ತಿ ಹೇಳಿಲ್ಲ. "ಸ್ವಲ್ಪ ರಿಪೇರಿ" ಅಂದಿದ್ದೇನೆ.

ಡಿಸೆಂಬರ್ 11, ಗುರುವಾರ

ಕೋಣೆಗೊಂದು ಬಿಳಿ ಪೆಟ್ಟಿಗೆ ಬಂತು. ನಾವು ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟಿದೆ ಅಂತ ಅಳೆಯುತ್ತದಂತೆ. ಯಾರೂ ಇಲ್ಲದಿದ್ದರೆ ನಾನೂರು. ಮಕ್ಕಳು ತುಂಬಿದರೆ ಸಾವಿರ ದಾಟುತ್ತದೆ. ಆಗ ಗೋಡೆಯಲ್ಲಿರುವ ಫ್ಯಾನು ತಾನೇ ತಿರುಗಿ ಕೆಟ್ಟ ಗಾಳಿ ಹೊರಗೆ ಹಾಕುತ್ತದೆ. ಜೊತೆಗೆ ಬಿಸಿಯೂ ಹೋಗುತ್ತದೆ, ಬಾಯ್ಲರ್ ಮತ್ತೆ ಶುರು. ಅದಕ್ಕೇ ಬೇಕಿಲ್ಲದಾಗ ಫ್ಯಾನು ತಿರುಗಬಾರದು.

"ಉಸಿರಿನ ಲೆಕ್ಕ ಇಡೋನು ಇಷ್ಟು ದಿನ ಮೇಲಿದ್ದ, ಈಗ ಗೋಡೆಗೆ ಇಳಿದ" ಅಂದೆ. ಮೀಟರ್ ಮೇಡಂ ನಗಲಿಲ್ಲ. ಹೆಡ್ ಮೇಡಂ ನಕ್ಕರು. ಅವರ ರೂಮಿನಲ್ಲಿ ಆರುನೂರಿತ್ತು, ನಾನು ನಿಂತು ಮಾತಾಡಿದ ಮೇಲೆ ಏಳುನೂರು.

"ನಿನ್ನ ಬಾಯಿಗೇ ನೂರು ಕಣಪ್ಪಾ. ಹೊರಗೆ ನಡಿ."

ಡಿಸೆಂಬರ್ 22, ಸೋಮವಾರ

ರಜೆ ಶುರುವಾಗಿ ಮೂರನೇ ದಿನ. ನೊಣವೂ ಇಲ್ಲ. ಬೆಳಗ್ಗೆ ಹನ್ನೊಂದಕ್ಕೆ ವರಾಂಡ ಗುಡಿಸುವಾಗ ಗರ್ರ್ ಅಂತ ಸದ್ದು. ಏಳನೇ ಕೋಣೆಯ ಫ್ಯಾನು.

ಅಲ್ಲಿ ಪಾಠವೇ ನಡೆಯೋದಿಲ್ಲ. ನಾನು ಬಂದಾಗಿನಿಂದ ಮುರಿದ ಬೆಂಚು ತುಂಬುವ ಕೋಣೆ. ಬೀಗ ತೆಗೆದೆ. ಬೆಂಚು, ಧೂಳು, ಒಂದು ಗ್ಲೋಬು. ಪೆಟ್ಟಿಗೆಯಲ್ಲಿ 1410.

ಬೆಂಚುಗಳಿಗೆ "ಹಾಜರಿ ಹೇಳ್ರಪ್ಪಾ" ಅಂದೆ, ತಮಾಷೆಗೆ. ಸಂಖ್ಯೆ 1460 ಆಯಿತು. ಬಾಗಿಲು ಹಾಕಿಕೊಂಡು ಬಂದೆ.

ಡಿಸೆಂಬರ್ 23, ಮಂಗಳವಾರ

ಇವತ್ತು ಸ್ಟೂಲ್ ಹಾಕಿಕೊಂಡು ಬಾಗಿಲ ಹೊರಗೇ ಕೂತೆ, ಗಾಜಿನಿಂದ ಪೆಟ್ಟಿಗೆ ಕಾಣುವ ಹಾಗೆ.

ಹತ್ತಕ್ಕೆ ಏರಲು ಶುರು. ಹನ್ನೊಂದೂವರೆಗೆ ಇಳಿಯಿತು, ಹದಿನೈದು ನಿಮಿಷ. ಮತ್ತೆ ಏರಿತು. ಒಂದರಿಂದ ಎರಡರವರೆಗೆ ನಾನೂರು. ನಾಲ್ಕಕ್ಕೆ ಪೂರ್ತಿ ಖಾಲಿ.

ಗಂಟೆ ಹೊಡೆಯುವವನು ನಾನು. ನಾನು ಹೊಡೆದಿಲ್ಲ.

ಡಿಸೆಂಬರ್ 24, ಬುಧವಾರ

ಮೀಟರ್ ಮೇಡಂ ಬಂದಳು. ಪೆಟ್ಟಿಗೆ ಕೆಟ್ಟಿದೆ ಅಂದಳು. ಮೂರನೇ ಕೋಣೆಯದನ್ನು ತಂದು ಇಲ್ಲಿ ಹಾಕಿದಳು, ಇಲ್ಲಿಯದನ್ನು ಅಲ್ಲಿಗೆ. ಅಲ್ಲಿ ನಾನೂರು. ಇಲ್ಲಿ 1430. ಬೆಂಚುಗಳ ಹಿಂದೆ ಬಗ್ಗಿ ನೋಡಿದಳು.

"ಇಲ್ಲಿ ಯಾರಾದ್ರೂ ಮಲಗ್ತಾರಾ?"

"ಪಾಠ ಕೇಳೋಕೆ ಬಂದು ಮಲಗೋರು ಬೇಕಾದಷ್ಟು ಜನ ಇದ್ದಾರೆ ಮೇಡಂ. ಈಗ ರಜೆ."

"ತಮಾಷೆ ಸಾಕು. ಈ ಫ್ಯಾನು ಹೀಗೇ ತಿರುಗಿದ್ರೆ ನಿಮ್ಮ ಕಟ್ಟಡ ಪಾಸಾಗಲ್ಲ. ನಾನು ಬರೆಯೋದನ್ನ ಬರೀಲೇಬೇಕು."

ಸಂಜೆ ಇವಳಿಗೆ ಎಲ್ಲ ಹೇಳಿದೆ. ತರಕಾರಿ ಹೆಚ್ಚುವ ಕೈ ನಿಂತಿತು. "ಎಲ್ಲಿಗೆ ಹೋಗೋದು?" ಅಂದಳು. ಅಷ್ಟೇ. ನನಗೆ ಒಂದು ಜೋಕೂ ಹೊಳೆಯಲಿಲ್ಲ.

ಡಿಸೆಂಬರ್ 26, ಶುಕ್ರವಾರ. ಮಧ್ಯಾಹ್ನ

ಫ್ಯಾನಿನ ಪ್ಲಗ್ ಕಿತ್ತುಬಿಟ್ಟೆ. ತಿರುಗದಿದ್ದರೆ ಬಿಸಿ ಎಲ್ಲಿಗೆ ಹೋಗುತ್ತೆ, ಅಲ್ಲವಾ.

1900. 2400. 2900.

ಕಿಟಕಿ ಗಾಜು ಒಳಗಿನಿಂದ ಮಂಜಾಯಿತು. ಮೇಲಿನ ಗಾಜಲ್ಲ, ಕೆಳಗಿನ ಸಾಲು ಮಾತ್ರ. ನನ್ನ ಸೊಂಟದ ಎತ್ತರಕ್ಕೆ.

ಬಾಗಿಲು ತೆಗೆದೆ. ಬಿಸಿ ಗಾಳಿ ಬಂತು — ಮುಖಕ್ಕಲ್ಲ, ಹೊಟ್ಟೆಗೆ, ಕೈಗಳಿಗೆ. ಇಂಟರ್‌ವೆಲ್ ಬಿಟ್ಟಾಗ ಬಾಗಿಲಲ್ಲಿ ನಿಂತವನಿಗೆ ಆಗುವ ಹಾಗೆ. ಗೊತ್ತಿಲ್ಲದೇ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಬೆಂಚಿನ ಧೂಳು ಹಾಗೇ ಇತ್ತು. ಒಂದು ಗೆರೆಯೂ ಇಲ್ಲ.

ಅಷ್ಟರಲ್ಲಿ ಫೋನು. ಮೀಟರ್ ಮೇಡಂ. ಎರಡು ಸಾವಿರ ದಾಟಿದರೆ ಅವಳ ಫೋನು ಕೂಗುತ್ತದಂತೆ. "ಫ್ಯಾನ್ ಹಾಕಿ ಮೊದ್ಲು. ಅದು ಉಸಿರು ಕಟ್ಟೋ ಲೆವೆಲ್ಲು."

"ಯಾರಿಗೆ ಮೇಡಂ?" ಅಂದೆ. ಫೋನು ಇಟ್ಟುಬಿಟ್ಟಳು.

ಪ್ಲಗ್ ಹಾಕಿದೆ. ಆ ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಇಷ್ಟು ವರ್ಷ ಅವರ ಪಾಡಿಗೆ ಅವರಿದ್ದರು. ಸಂದುಗೊಂದಿಯಲ್ಲಿ ಗಾಳಿಯಾಡುತ್ತಿತ್ತು. ಒಂದೊಂದನ್ನೂ ಅಂಟು ಹಾಕಿ ಮುಚ್ಚಿದವನು ನಾನೇ.

ಅವರು ಅಂತ ಬರೆದೆ ನೋಡು. ಇರಲಿ.

ಡಿಸೆಂಬರ್ 29, ಸೋಮವಾರ

ಮೂರು ದಿನ ಯೋಚಿಸಿದೆ. ಹೊರಗಿನ ಕಿಟಕಿ ತೆಗೆದರೆ ಬಿಸಿ ಹೋಗುತ್ತದೆ, ಮನೆ ಹೋಗುತ್ತದೆ. ಫ್ಯಾನು ತಿರುಗಿದರೂ ಅದೇ. ಮುಚ್ಚಿಟ್ಟರೆ ಉಸಿರು ಕಟ್ಟುತ್ತದೆ.

ಉಳಿದಿದ್ದು ಒಂದೇ. ನಮ್ಮ ಮನೆಗೂ ಏಳನೇ ಕೋಣೆಗೂ ನಡುವಿನ ಗೋಡೆಯಲ್ಲಿ, ಮೇಲುಗಡೆ, ಹಳೇ ಕಿಂಡಿ. ಹಲಗೆ ಬಡಿದಿದ್ದರು, ಮೇಲೆ ನನ್ನ ಫೋಮು. ನಮ್ಮ ಮನೆಯ ಮೀಟರು ಬೇರೆ. ನಮ್ಮ ಮನೆಗೆ ಪೆಟ್ಟಿಗೆ ಇಲ್ಲ. ಯಾರು ಅಳೆಯುತ್ತಾರೆ?

ಏಣಿ ಹತ್ತಿದೆ.

"ಗೋಡೆ ಯಾಕ್ರೀ ಒಡೀತೀರಾ?"

"ಒಡೀತಿಲ್ಲ ಮಾರಾಯ್ತಿ. ಕಟ್ಟಡಕ್ಕೆ ಮೂಗು ಕಟ್ಟಿದೆ, ಬಿಡಿಸ್ತಿದ್ದೀನಿ."

"ಧೂಳೆಲ್ಲ ಪಾತ್ರೆಗೆ ಬೀಳ್ತಿದೆ. ನೀವೇ ತೊಳೀಬೇಕು."

ಹಲಗೆ ಬಂತು. ಆ ಕಡೆಯಿಂದ ಮೆಲ್ಲಗೆ ಒಂದು ಬಿಸಿ, ಮಲಗಿದವರ ಪಕ್ಕ ಬಗ್ಗಿದಾಗ ಕೆನ್ನೆಗೆ ತಾಗುವಂಥದು. ಕೆಳಗೆ ಇವಳು ಸೆರಗು ಸರಿ ಮಾಡಿಕೊಂಡಳು, ಯಾರೋ ಬಂದ ಹಾಗೆ.

ಅರ್ಧ ಗಂಟೆಯಲ್ಲಿ ಏಳನೇ ಕೋಣೆ ನಾನೂರು. ಫ್ಯಾನು ನಿಂತಿತು.

ಜನವರಿ 2, ಶುಕ್ರವಾರ

ನಾಲ್ಕು ದಿನವೂ ನಾನೂರು. ಮೀಟರ್ ಮೇಡಂ ಫೋನಿನಲ್ಲಿ ಮೊದಲ ಸಲ ನಕ್ಕಳು. ಏನು ಮಾಡಿದಿರಿ ಅಂದಳು. ಬುದ್ಧಿ ಹೇಳಿದೆ, ಕೇಳಿದವು ಅಂದೆ.

ಮನೆಯಲ್ಲಿ ಚಳಿಯೇ ಇಲ್ಲ. ಇವಳು ನಮ್ಮ ಹೀಟರು ಆರಿಸಿ ಮೂರು ದಿನವಾಯಿತು. "ಯಾಕೋ ಮನೆ ತುಂಬಿದ ಹಾಗಿದೆ ಕಣ್ರೀ" ಅಂದಳು. ಮುಖ ಚೆನ್ನಾಗಿತ್ತು. ಮಗಳು ಮದುವೆಯಾಗಿ ಹೋದ ಮೇಲೆ ಹೀಗೆ ನೋಡಿರಲಿಲ್ಲ.

ಮಧ್ಯಾಹ್ನ ಒಲೆ ಮುಂದೆ ನಿಂತು, ತಿರುಗದೇ, "ತಳ್ಳಾಡಬೇಡಿ, ಬಿಸಿ ಇದೆ" ಅಂದಳು.

ನಾನು ಬಾಗಿಲಲ್ಲಿದ್ದೆ.

ಜನವರಿ 6, ಮಂಗಳವಾರ

ಶಾಲೆ ತೆರೆಯಿತು. ಮನೆ ಹೋದರೂ ಸರಿ, ಕಿಂಡಿ ಮುಚ್ಚೋಣ ಅಂದೆ. ಇವಳು ಏಣಿಯ ಮುಂದೆ ಬಂದು ನಿಂತಳು.

"ಒಂದ್ಸಲ ಮುಚ್ಚಿದ್ದು ಸಾಲ್ದಾ?"

ನಾನು ಮುಚ್ಚಿದ್ದಕ್ಕೇ ಅವರಿಗೆ ಉಸಿರು ಕಟ್ಟಿದ್ದು ಅಂತ ನಾನು ಅವಳಿಗೆ ಹೇಳೇ ಇರಲಿಲ್ಲ.

ಜನವರಿ 12, ಸೋಮವಾರ. ಒಂದು ಗಂಟೆ

ಪಾಸು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿಯೇ ಇಳಿದಿದೆ. ಹೆಡ್ ಮೇಡಂ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. "ಇನ್ನು ನೀನಾಗೇ ಬಿಡೋವರೆಗೂ ಆ ಮನೆ ನಿಂದೇ ಕಣಪ್ಪಾ." ಓಡಿ ಬಂದು ಇವಳಿಗೆ ಹೇಳಿದೆ. "ನಂಗೊತ್ತಿತ್ತು, ಎಲ್ಲೂ ಹೋಗಲ್ಲ ನಾವು" ಅಂದಳು. ನಾವು ಅನ್ನುವಾಗ ನನ್ನ ಕಡೆ ನೋಡಲಿಲ್ಲ. ಬೆಳಗ್ಗೆಯಿಂದ ದೊಡ್ಡ ಪಾತ್ರೆ ಇಟ್ಟಿದ್ದಾಳೆ. ಯಾರು ಬರುತ್ತಾರೆ ಅಂದರೆ ಇನ್ನೊಂದು ಸೇರು ಅಕ್ಕಿ ಹಾಕಿದಳು.

ಈಚೆ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಡುವೆ ಪರದೆ. ಆ ಕಡೆ ತಟ್ಟೆ ಇಡುವ ಸದ್ದು. ನಮ್ಮಲ್ಲಿರುವುದೇ ನಾಲ್ಕು ತಟ್ಟೆ.

ಎಣಿಸುತ್ತಿದ್ದೇನೆ. ಆರು. ಏಳು… ಹನ್ನೆರಡು… ಇಪ್ಪತ್ತಾದ ಮೇಲೆ ಬಿಟ್ಟೆ.

ಈಗ ಸದ್ದು ನಿಂತಿದೆ.

"ರೀ, ಊಟಕ್ಕೆ ಬನ್ನಿ. ಎಲ್ಲ ಕೂತಾಯ್ತು, ನೀವೊಬ್ರೇ ಬಾಕಿ."

ಬಂದೆ ಅಂದೆ. ಪರದೆ ಕೆಳಗಡೆಯಿಂದ, ಸೊಂಟದ ಎತ್ತರಕ್ಕೆ, ಉಸಿರು ಒಳಗೆಳೆದು ಹೊರಗೆ ಬಿಟ್ಟ ಹಾಗೆ ಆಡುತ್ತಿದೆ.