ಸ್ಟೋರ್ಸ್‌ನಲ್ಲಿ ಹೊರಬಂದ ಪಟ್ಟಿ

ಸೋಮವಾರ, 7 ಮಾರ್ಚ್ 2011, ಪೀಣ್ಯ

ಸಭೆಗೆ ನಮಸ್ಕಾರ, ಈ ಕಾರ್ಖಾನೆ ಕಟ್ಟಿದ ಹಿರಿಯರಿಗೆ ವಂದನೆ — ಎಂದಿನಂತೆ ಕಂಪ್ಯೂಟರ್ ತರಬೇತಿ ಆರಂಭಿಸಿದೆ. ಸಭೆಯೆಂದರೆ ನಾಲ್ವರು ಟ್ರೈನಿಗಳು. ನಕ್ಕರು. ನಗಲಿ. ಬಾಗಲಕೋಟೆಯ ಶಿವಗಂಗಾ ಮಾತ್ರ ಬರೆದುಕೊಳ್ಳುತ್ತಿದ್ದಳು.

ಇಷ್ಟು ದಿನ ಕಾರ್ಖಾನೆಯ ಪ್ರಿಂಟರುಗಳೆರಡೂ ಎಚ್.ಆರ್. ಮ್ಯಾನೇಜರ್ ಶ್ಯಾಮಣ್ಣನವರ ಕಂಪ್ಯೂಟರಿಗೆ ಕಟ್ಟುಬಿದ್ದಿದ್ದವು. ಅವರು ಅದನ್ನು ಆಫ್ ಮಾಡಿ ಊಟಕ್ಕೆ ಹೋದರೆ, ಸರಕಿನ ಚಲನ್ ಪ್ರಿಂಟಾಗದೆ ಲಾರಿ ಗೇಟಿನಲ್ಲೇ ನಿಲ್ಲುತ್ತಿತ್ತು. ಇಂದು ಶಿವಗಂಗಾ ಎರಡನ್ನೂ ನೇರವಾಗಿ ನೆಟ್‌ವರ್ಕಿಗೆ ಸೇರಿಸಿದಳು. ಒಂದಕ್ಕೆ ಎಚ್.ಆರ್., ಇನ್ನೊಂದಕ್ಕೆ ಸ್ಟೋರ್ಸ್ ಎಂದು ಹೆಸರು. ಯಾರ ಮೇಜಿನಿಂದಲಾದರೂ ಪ್ರಿಂಟ್! ತಿಂಗಳ ಕೊನೆಗೆ ಅವಳ ಕೆಲಸ ಕಾಯಂ ಆಗಬೇಕು. ಆಗುತ್ತದೆ.

ಬುಧವಾರ, 9

ಪ್ರಿಂಟ್ ಒತ್ತುವ ಮುನ್ನ ಯಾವ ಪ್ರಿಂಟರ್ ಎಂದು ನೋಡಬೇಕು — ಶಿವಗಂಗಾ ಶ್ಯಾಮಣ್ಣನವರಿಗೆ ಎರಡು ಸಲ ಹೇಳಿಕೊಟ್ಟಳು. ಅವರು ಮೊಬೈಲ್ ನೋಡುತ್ತಿದ್ದರು.

ಸೋಮವಾರ, 14, ಮಧ್ಯಾಹ್ನ 3

ಅಸಹ್ಯ. ಕೆಲಸದಿಂದ ತೆಗೆಯಲಿರುವ ಹನ್ನೊಂದು ಜನರ ಗುಟ್ಟಿನ ಪಟ್ಟಿ ಸ್ಟೋರ್ಸ್‌ನ ಪ್ರಿಂಟರಿನಲ್ಲಿ ಹೊರಬಂತು. ಚಲನ್ ಒಯ್ಯಲು ಬಂದ ಲೋಡಿಂಗ್‌ನ ಬಸಲಿಂಗ ಅದರಲ್ಲಿ ತನ್ನ ಹೆಸರು ಓದಿದ. ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದ: “ಇದನ್ನ ನಮಗ ಬಾಯ್ಲೆ ಹೇಳಾಕ ಆಗ್ಲಿಲ್ಲೇನ್ರಿ ಅವ್ರಿಗೆ?”

ಪ್ರಿಂಟರಿನ ಲಾಗ್, ಅಂದರೆ ಯಾವ ಪ್ರಿಂಟ್ ಎಲ್ಲಿಂದ ಬಂತೆಂಬ ದಾಖಲೆ, ತೆಗೆದು ನೋಡಿದೆ. 11.40. ಶ್ಯಾಮಣ್ಣನವರ ಕಂಪ್ಯೂಟರಿನಿಂದಲೇ ಬಂದದ್ದು. ಎಚ್.ಆರ್. ಬದಲು ಸ್ಟೋರ್ಸ್ ಒತ್ತಿದ್ದಾರೆ. ಶಿವಗಂಗಾಳ ಜೋಡಣೆಯಲ್ಲಿ ಯಾವ ದೋಷವೂ ಇಲ್ಲ.

ಮಂಗಳವಾರ, 15

ಶ್ಯಾಮಣ್ಣ ಕಾಫಿ ತರಿಸಿದರು. ಟ್ರೈನಿಯ ಜೋಡಣೆ ತಪ್ಪಿದ್ದರಿಂದಲೇ ಪಟ್ಟಿ ಹೊರಬಿತ್ತೆಂದು ನಾನು ಡೈರೆಕ್ಟರಿಗೆ ಬರೆದುಕೊಡಬೇಕಂತೆ. “ಒಂದ್ ಸಾಲು ಸಾಕು ಕಣ್ರೀ. ಟ್ರೈನಿ ತಾನೆ, ಇನ್ನೆಲ್ಲಾದ್ರೂ ಸೇರ್ಕೋತಾಳೆ.” ಬಿಸ್ಕತ್ತು ಅದ್ದಿಕೊಳ್ಳುತ್ತಲೇ ಹೇಳಿದರು. ಹನ್ನೊಂದು ಜನರ ಬಗ್ಗೆ ಒಂದು ಮಾತಿಲ್ಲ. ಯೋಚಿಸುತ್ತೇನೆ ಎಂದೆ. ಯೋಚಿಸುವುದೇನಿತ್ತು... ನನ್ನ ಬಗ್ಗೆಯೇ ಹೇಸಿಗೆಯಾಯಿತು.

ಶನಿವಾರ, 19

ಮೂರು ದಿನ ಡೈರಿ ಬರೆಯಲು ಮುಖವಿರಲಿಲ್ಲ. ಇಂದು ಬೆಳಿಗ್ಗೆ, ತಪ್ಪು ಯಾರದೆಂದು ಹೆಸರು ಹಾಕಿ, ಲಾಗ್ ಲಗತ್ತಿಸಿ, ಡೈರೆಕ್ಟರ್ ಕೈಗೇ ಪತ್ರ ಕೊಟ್ಟೆ. ಓದಿದರು. ನಿಮ್ಮ ಕಾಂಟ್ರಾಕ್ಟೂ ಈ ತಿಂಗಳೇ ಮುಗಿಯುತ್ತದಲ್ಲವೇ ಎಂದಷ್ಟೇ ಕೇಳಿದರು.

ಶಿವಗಂಗಾಗೆ ಸುದ್ದಿ ಮುಟ್ಟಿತ್ತು. “ನನ್ ಸಲುವಾಗಿ ಯಾಕ್ ಬರದ್ರಿ ಸರ್? ಈಗ ಇಬ್ರೂ ಹೋಗ್ತೀವಿ.”

ಹೋಗಬಹುದು. ತಿಂಗಳು ಮುಗಿಯಲು ಇನ್ನೂ ಹನ್ನೆರಡು ದಿನವಿದೆ. ಪ್ಯಾಕಿಂಗ್ ವಿಭಾಗಕ್ಕೆ ಹೊಸ ಪ್ರಿಂಟರ್ ಬಂದಿದೆ, ಡಬ್ಬ ಇನ್ನೂ ಒಡೆದಿಲ್ಲ. ಕೇಬಲ್ ಸುರುಳಿಯನ್ನು ಅವಳ ಕೈಗಿತ್ತೆ. ಏಣಿ ನಾನು ಹಿಡಿಯುತ್ತೇನೆ ಎಂದೆ. ನಡಿ ತಾಯಿ, ಶುರು ಮಾಡೋಣ —