ಹಾಯಿಬಟ್ಟೆಯ ತೂತು

ಹಾರ್ಲಿಂಗನ್, ಮೇ ೧೪

ಸಮಸ್ತ ಕಾಲುವೆಗಳ ಒಡತಿ, ಉತ್ತರ ಸಮುದ್ರದ ದಿಗಿಲು, ಚಿನ್ನದ ಪದಕವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮರೆತ ಮಹಾಸ್ವಾಮಿನಿ ಶ್ರೀಮತಿ ಹಿಲ್ಲೆ ಅಜ್ಜಿಯವರ ಪಾದಗಳಿಗೆ (ಉಣ್ಣೆಯ ಕಾಲುಚೀಲ ಸಮೇತ) ಮೊಮ್ಮಗಳು ನಿಂಕೆ ಅಡ್ಡಬಿದ್ದು ಮಾಡುವ ವಿಜ್ಞಾಪನೆ.

ತಾವು ಈಗ ನೆಲೆಸಿರುವ ದ್ವೀಪದಿಂದ ಬರೆದ ಕಾಗದಗಳಿಗೆ ಉತ್ತರಿಸದ ಅಪರಾಧವನ್ನು ಮನ್ನಿಸಬೇಕು. ಬರೆಯಲು ಕೂತಾಗಲೆಲ್ಲ ಮಸಿ ಹೆಪ್ಪುಗಟ್ಟುತ್ತಿತ್ತು, ಚಳಿಗೆ ಎಂದಿಟ್ಟುಕೊಳ್ಳಿ.

ಊರಿನ ಸುದ್ದಿಯೆಲ್ಲ ತಮ್ಮದೇ. ತಾವು ಈಜಿನಲ್ಲಿ ಗೆದ್ದು ಐವತ್ತು ವರ್ಷವಾದರೂ ಬೇಕರಿಯ ಔಕೆ ನನಗೆ ದ್ರಾಕ್ಷಿ ಬ್ರೆಡ್ಡು ಒಂದು ಚೂರು ಹೆಚ್ಚೇ ಕೊಡುತ್ತಾಳೆ. ತಮ್ಮ ಹೆಸರಿನ ಕೊಳದಲ್ಲಿ 'ಹಿಲ್ಲೇ!' ಎಂದು ಕೂಗದೆ ಯಾವ ಮಗುವೂ ನೀರಿಗೆ ಹಾರುವುದಿಲ್ಲ. ದುರಸ್ತಿಯಾದ ಆ ಕೊಳ ಶನಿವಾರ ತೆರೆಯುತ್ತದೆ. ಮೇಯರ್ ಭಾಷಣ, ಮುಂದಿನ ಸಾಲಿನಲ್ಲಿ ತಮಗೆ ಕುರ್ಚಿ, ತಮ್ಮ ಮೊಮ್ಮಗಳಾದ ತಪ್ಪಿಗೆ ನೀರಲ್ಲಿ ನಾನು. ಬಟ್ಟೆ ಬೂಟು ತೊಟ್ಟೇ ಹಾರಿ, ನೀರೊಳಗೆ ಇಳಿಬಿಟ್ಟ ಹಾಯಿಬಟ್ಟೆಯ ತೂತಿನಲ್ಲಿ ನುಸುಳಿ ಆಚೆ ಏಳಬೇಕಂತೆ. ಈಜಿನ ಪ್ರಮಾಣಪತ್ರಕ್ಕೆ ಇಲ್ಲಿನ ಚಿಕ್ಕ ಮಕ್ಕಳೆಲ್ಲ ಮಾಡುವುದೇ ಅದು.

ನಾನೊಬ್ಬಳು ಮಾಡಿಲ್ಲ.

ಚಿಕ್ಕಂದಿನಲ್ಲಿ ನನ್ನ ಪರೀಕ್ಷೆಯ ದಿನ ತಾವು ಮೇಲೆ ನೋಡುವವರ ಸಾಲಿನಲ್ಲಿ ಕೂತಿದ್ದಿರಿ. ಈಜು ಕಲಿಸುವ ಸಿಬ್ರೆನ್ ಮೇಷ್ಟ್ರ ಕಣ್ಣೆಲ್ಲ ತಮ್ಮ ಮೇಲೆ. "ಹೋಗಮ್ಮ, ಹಿಲ್ಲೆ ಮೊಮ್ಮಗಳಿಗೆ ಎಂಥಾ ಪರೀಕ್ಷೆ! ಮಾಡಿದ್ರೆ ಊರೋರು ನನ್ನನ್ನೇ ನೀರಿಗೆ ತಳ್ತಾರೆ" ಎಂದು ಪ್ರಮಾಣಪತ್ರ ಕೈಗಿಟ್ಟರು. ತಾವು ಚಪ್ಪಾಳೆ ತಟ್ಟಿದಿರಿ. ಈಗ ನನಗೆ ಹದಿನೇಳು. ನಿನ್ನೆಯವರೆಗೂ ಸೊಂಟಕ್ಕಿಂತ ಮೇಲೆ ನೀರು ಬರಗೊಟ್ಟಿರಲಿಲ್ಲ. ಯಾರಾದರೂ ಕರೆದರೆ ಏನೋ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ. ಈಚೆಗೆ ಹಲ್ಲುಜ್ಜುವಾಗ ಬೇಸಿನ್ನಿನ ತೂತು ಕಂಡರೂ ಟವೆಲು ಮುಚ್ಚಿಬಿಡುತ್ತೇನೆ.

ನನಗೆ ಈಜು ಬರುವುದಿಲ್ಲವೆಂದು ಅಮ್ಮನಿಗೆ ಹೇಳಿದೆ. "ಬಾಯ್ಮುಚ್ಚೇ! ಕಾಲು ಮುರೀತು ಅಂತ ಸುಳ್ಳು ಪಟ್ಟಿ ಸುತ್ಕೊಂಡು ವಾರವಿಡೀ ಸ್ಕೂಲ್ ತಪ್ಪಿಸಿದೋಳು ನೀನು. ನಿನ್ನ ನಾಟಕ ನಂಗೊತ್ತಿಲ್ವಾ?"

ನಿನ್ನೆ ತಾಲೀಮು. ಮುಳುಗಿದೆ. ಆ ತೂತು ಹಗಲಲ್ಲೂ ಕಪ್ಪಗಿತ್ತು, ಹತ್ತಿರ ಹೋದಷ್ಟೂ ಸಣ್ಣದಾಯಿತು. ಬೂಟಿನಲ್ಲಿ ನೀರು ತುಂಬಿ ಕಾಲು ಕೆಳಕ್ಕೆಳೆಯಿತು. ಸರಿ, ನನ್ನ ಮುಳುಗುವ ಅಭಿನಯವನ್ನು ಅಲ್ಲೇ ಪ್ರದರ್ಶಿಸಿದೆ. ಕೈ ಬಡಿದೆ, ಕೆಮ್ಮಿದೆ, 'ಹಿಲ್ಲೇ!' ಎಂದು ಕಿರುಚಿದೆ. ದಂಡೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕು, 'ಹಿಲ್ಲೇ! ಹಿಲ್ಲೇ!' ಎಂದು ದನಿಗೂಡಿಸಿದರು. "ಎಷ್ಟು ಚೆನ್ನಾಗಿ ಮಾಡ್ತಾಳ್ರೀ, ಕಳ್ಳಿ!" ಎಂದು ಸಿಬ್ರೆನ್ ಮೇಷ್ಟ್ರು ಕಣ್ಣೊರೆಸಿಕೊಂಡರು. ಕೊನೆಗೆ ಕೈಗೆ ಏಣಿ ಸಿಕ್ಕಿತು. ಹತ್ತಿ ಬಂದು ಎಲ್ಲರಿಗೂ ಬಾಗಿ ನಮಸ್ಕರಿಸಿದೆ.

ಆದಕಾರಣ, ಹಾಯಿಬಟ್ಟೆಯನ್ನು ಇಲಿ ಕಡಿದಿದೆ ಎಂದೋ, ತಮಗೇ ಶೀತವಾಗಿದೆ ಎಂದೋ ಒಂದು ಅಪ್ಪಣೆ ಹೊರಡಿಸಿ ಶನಿವಾರವನ್ನು ನಿಲ್ಲಿಸಬೇಕಾಗಿ ಪ್ರಾರ್ಥನೆ. ತಮ್ಮ ಕೀರ್ತಿ ಆಚಂದ್ರಾರ್ಕ ಬಾಳಲಿ. ಜಾಗವಿದ್ದರೆ ನಾನೂ ಒಂದಿಷ್ಟು ವರ್ಷ.

ತಮ್ಮ ಚರಣದಾಸಿ,
ನಿಂಕೆ

ತಾ.ಕ.: ಅಜ್ಜಿ, ನಿನ್ನೆಯದು ಅಭಿನಯ ಅಲ್ಲ. ನಾನು ಕರೆದಿದ್ದು ನಿನ್ನನ್ನೇ.