ಚಚಡಿಯಿಂದ ತಂದ ಸೊಪ್ಪು

ಜೂನ್ 17, 2006. ಶನಿವಾರ, ಸಂಜೆ

ಈ ವಾರದ ಇಂಜೆಕ್ಷನ್ ಆಯಿತು. ಸೋಮವ್ವ ಸಿಸ್ಟರ್ ಡ್ಯೂಟಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಚುಚ್ಚಿ ಹೋದರು. ಹೊಟ್ಟೆಯ ಎಡಕ್ಕೆ. ಹೋದ ವಾರದ ಕಲೆ ಇನ್ನೂ ಕೆಂಪಗಿದೆ. ಶನಿವಾರ ಚುಚ್ಚಿಸಿಕೊಂಡರೆ ಜ್ವರ ಭಾನುವಾರಕ್ಕೆ ಬೀಳುತ್ತದೆ. ಸೋಮವಾರ ಹೇಗೋ ಎದ್ದು ಶಾಲೆಗೆ ಹೋಗಬಹುದು.

ಮುಸ್ಕಾನ್ ಹುಟ್ಟುವಾಗ ನನಗೆ ಕೊಟ್ಟ ರಕ್ತದಿಂದ ಈ ಕಾಯಿಲೆ ಬಂದಿರಬೇಕು ಎಂದಿದ್ದರು ಡಾಕ್ಟರು. ಆಗ ಈ ಟೆಸ್ಟೇ ಇರಲಿಲ್ಲವಂತೆ. ಮಗಳು ಈಗ ಹತ್ತನೇ ಇಯತ್ತೆ. ಅಷ್ಟು ವರ್ಷ ಸದ್ದಿಲ್ಲದೆ ಲಿವರಿನಲ್ಲಿ ಕೂತಿತ್ತು — ಹೆಪಟೈಟಿಸ್ ಸಿ. ಹೇಗೆ ಬಂತೆಂದು ಅವಳಿಗೆ ಹೇಳಿಲ್ಲ. ಹೇಳಬಾರದು.

ಜುಲೈ 2, ಭಾನುವಾರ

ಮೈಯೆಲ್ಲ ಕುಟ್ಟಿ ಹಾಕಿದ ಹಾಗೆ. ಒಗ್ಗರಣೆಯ ವಾಸನೆಗೇ ವಾಂತಿ. ಅತ್ತೆ ಒಲೆಯನ್ನು ಹಿತ್ತಿಲಿಗೆ ಒಯ್ದು ಅಲ್ಲೇ ಅಡುಗೆ ಮಾಡುತ್ತಿದ್ದಾರೆ. ಈ ವಯಸ್ಸಿನಲ್ಲಿ. ಗಂಜಿ ಎರಡು ತುತ್ತು — ಉಳಿಯಲಿಲ್ಲ.

ಮೊನ್ನೆ ಕ್ಲಾಸಿನಲ್ಲಿ ಒಬ್ಬಳು ‘ಸಂಧಿ’ ತಪ್ಪು ಬಿಡಿಸಿದಳೆಂದು ಕೂಗಾಡಿಬಿಟ್ಟೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಅಳು. ಈ ಔಷಧಿ ಮನಸ್ಸನ್ನೂ ಕೆಡಿಸುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ಬೇರೆ, ಆಗುವುದು ಬೇರೆ.

ಜುಲೈ 11, ಮಂಗಳವಾರ

ಧಾರವಾಡ. ಗಂಡ ಆಸೀಮ ಇವತ್ತು ಟ್ರ್ಯಾಕ್ಸ್ ಗಾಡಿಗೆ ಬಾಡಿಗೆ ಹಿಡಿಯದೆ ನನ್ನನ್ನೇ ಕೂರಿಸಿಕೊಂಡು ಹೋದರು. ತೂಕ ಮತ್ತೆ ಇಳಿದಿದೆ.

“ಹಿಂಗ ಇಳಕೋತ ಹೋದ್ರ ಟ್ರೀಟ್‌ಮೆಂಟ್ ನಿಲ್ಲಸಬೇಕಾಗತದ್ರಿ ಟೀಚರ,” ಎಂದರು ಡಾಕ್ಟರು. “ನಡುವ ನಿಲ್ಲಿಸಿದ್ರ ಇಲ್ಲೀತನಕ ತಗೊಂಡಿದ್ದೂ ವ್ಯರ್ಥ. ಹೆಂಗರ ಮಾಡಿ ಉಣ್ರಿ.”

ವಾಂತಿಯ ಗುಳಿಗೆ ಬದಲಿಸಿದರು. 

ಜುಲೈ 15, ಶನಿವಾರ

ಹೊಸ ಗುಳಿಗೆಯೂ ಹಿಡಿಯಲಿಲ್ಲ. ಊಟದ ಹೊತ್ತಿಗೆ ಅತ್ತೆ ಒಂದು ಮಾತು ತೆಗೆದರು. ಅವರ ತವರು ದೊಡವಾಡ.

“ಮೇವು ಬಿಟ್ಟ ಎತ್ತಿಗೆ ನಮ್ಮಪ್ಪ ಭಂಗಿ ಸೊಪ್ಪು ತಿನಸತಿದ್ದ. ಉಣ್ಣಾಕ ಆಗದ ಮನಷ್ಯಾರಿಗೂ ತುಪ್ಪದಾಗ ಹುರದು ಹಾಲಿನ್ಯಾಗ ಕೊಡತಿದ್ದ. ಅನ್ನ ಇಳೀತಿತ್ತು.”

ಆಸೀಮ ತಟ್ಟೆಯಿಂದ ಕೈ ತೆಗೆದರು. “ಈ ಮನ್ಯಾಗ ಅದರ ಹೆಸರು ಎತ್ತಬ್ಯಾಡ ಅಮ್ಮಿ.”

ಎದ್ದು ಹೊರಗೆ ಹೋದರು. 

ಇಕ್ಬಾಲ್. ಆಸೀಮರ ತಮ್ಮ. ಅವನೂ ಡ್ರೈವರ್ ಆಗಿದ್ದ. ಅದೇ ಭಂಗಿ, ಗಾಂಜಾ, ಸೇದಿಯೇ ಗಾಡಿ ಹತ್ತುತ್ತಿದ್ದ. ಒಂದು ಮಧ್ಯಾಹ್ನ ಸವದತ್ತಿ ರಸ್ತೆಯಲ್ಲಿ ಗಾಡಿ ಹಳ್ಳಕ್ಕೆ ಹೋಯಿತು. ಸಂತೆಗೆ ಹೊರಟಿದ್ದ ಒಬ್ಬ ಹೆಂಗಸಿನ ಕಾಲು ಹೋಯಿತು. ಜೈಲಿನಿಂದ ಬಂದವನನ್ನು ಆಸೀಮ ಹೊಸ್ತಿಲು ದಾಟಗೊಡಲಿಲ್ಲ. ಅತ್ತೆಯೂ ಒಳಗಿನಿಂದ ಮುಖ ತೋರಿಸಲಿಲ್ಲ. ಈಗ ಚಚಡಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನಂತೆ. ಎಲ್ಲ ಬಿಟ್ಟಿದ್ದಾನೆ ಎಂದು ಯಾರೋ ಹೇಳಿದ್ದರು.

ಜುಲೈ 20, ಗುರುವಾರ

ಶಾಲೆಯಿಂದ ಬಂದಾಗ ಅತ್ತೆ ಮನೆಯಲ್ಲಿಲ್ಲ. ಸಂಜೆ ಬಸ್ಸಿನಿಂದ ಇಳಿದು ಬಂದರು. ಕಾಲು ಊದಿಕೊಂಡಿತ್ತು. ಸೀರೆಯ ಸೆರಗಿನಲ್ಲಿ ಕಾಗದದ ಪೊಟ್ಟಣ.

“ಚಚಡಿಗೆ ಹೋಗಿದ್ದೆ,” ಎಂದರು.

“ಇಕ್ಬಾಲನ ಜೋಡಿ ಮಾತಾಡಿದ್ರ್ಯಾ?”

“ಏನ್ ಮಾತಾಡ್ಲಿ? ಇಷ್ಟ್ ವರ್ಷ ಆದಮ್ಯಾಲ ಮಗನ ಮುಂದ ನಿಂತು ಭಂಗಿ ಕೊಡಸಪಾ ಅಂದೆ. ನೀ ಉಣವಲ್ಲಿ ಅಂತ ಹೇಳಿದೆ. ಅಂಗಡಿ ಮುಚ್ಚಿ ಹೋದ. ತಂದುಕೊಟ್ಟ.”

ನಮಾಜಿನ ಚಾಪೆ ಹಾಸಿ ಬಹಳ ಹೊತ್ತು ಕೂತಿದ್ದರು.

ಜುಲೈ 23, ಭಾನುವಾರ

ತಿಂದೆ. ಅತ್ತೆ ಸೊಪ್ಪು ಹುರಿದು ಹಾಕಿದ ಹಾಲು ಕುಡಿದ ಮೇಲೆ ಅರ್ಧ ರೊಟ್ಟಿ, ಬದನೆಕಾಯಿ ಪಲ್ಯ, ಮತ್ತೆ ಅರ್ಧ. ಅತ್ತೆ ಎದುರಿಗೆ ಕೂತು ಒಂದೊಂದು ತುತ್ತನ್ನೂ ನೋಡಿದರು. ತಲೆ ಸ್ವಲ್ಪ ಭಾರ, ಬಾಯಿ ಒಣ. ನಗು ಗಿಗು ಏನೂ ಇಲ್ಲ. ಆ ವಾಕರಿಕೆ ಮಾತ್ರ ದೂರ ಹೋಗಿ ಕೂತ ಹಾಗೆ. ಎಷ್ಟೋ ದಿನಗಳ ನಂತರ ನಿದ್ದೆ.

ಹರಾಮು ಎಂದು ಗೊತ್ತು. ಕಾನೂನೂ ಗೊತ್ತು. ದುಶ್ಚಟದ ಬಗ್ಗೆ ಮಕ್ಕಳಿಂದ ಪ್ರಬಂಧ ಬರೆಸುವವಳು ನಾನೇ…

ಆಗಸ್ಟ್ 8, ಮಂಗಳವಾರ

ತೂಕ ಏರಿದೆ. ಡಾಕ್ಟರಿಗೆ ಸುಳ್ಳು ಹೇಳಲಾಗಲಿಲ್ಲ. ಪೆನ್ನು ಕೆಳಗಿಟ್ಟರು.

“ನಾ ಇದನ್ನ ಬರದು ಕೊಡಾಂಗಿಲ್ಲ. ಲಿವರಿಗೆ ಒಳ್ಳೇದಲ್ಲ ಅನ್ನಾವ್ರೂ ಅದಾರ. ಸೇದಬ್ಯಾಡ್ರಿ. ಭಾಳ ದಿನ ತಗೋಬ್ಯಾಡ್ರಿ.” ಮತ್ತೆ ಪೆನ್ನು ಎತ್ತಿ, “ಊಟ ಹೋಗತದಲ್ಲ?” ಎಂದರು.

ಆಸೀಮ ಹೊರಗೆ ಟ್ರ್ಯಾಕ್ಸಿನಲ್ಲಿದ್ದರು. ಅವರಿಗೆ ಇನ್ನೂ ಗೊತ್ತಿಲ್ಲ.

ಆಗಸ್ಟ್ 20, ಭಾನುವಾರ

ಗೊತ್ತಾಯಿತು. ಅತ್ತೆಯ ಕಾಲು ನೋವೆಂದು ಈಗ ಇಕ್ಬಾಲನೇ ಬಸ್ಸಿನಲ್ಲಿ ತಂದುಕೊಡುತ್ತಾನೆ. ಹಿತ್ತಿಲ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ಹೋಗುತ್ತಾನೆ. ಆಸೀಮ ಇವತ್ತು ಬೇಗ ಬಂದರು. ಗಲ್ಲಿಯ ತಿರುವಿನಲ್ಲಿ ತಮ್ಮನ ಬೆನ್ನು ಕಂಡರಂತೆ.

ನನ್ನನ್ನು ನೋಡಿದರು. ನಾನು ಬಿಡದೆ ಉಣ್ಣುತ್ತಿದ್ದೆ. ಕೈ ತೊಳೆದು ಬಂದು ಪಕ್ಕದಲ್ಲಿ ಕೂತರು.  ಊಟ ಮುಗಿದ ಮೇಲೆ ಅತ್ತೆಯತ್ತ ತಿರುಗದೆಯೇ ಕೇಳಿದರು —

“ಅವಂಗ ಉಣ್ಣಾಕ ಹಾಕಿದ್ರೇನು?”

ಸೆಪ್ಟೆಂಬರ್ 16, ಶನಿವಾರ

ಇಕ್ಬಾಲ್ ಬಂದಿದ್ದ. ಅತ್ತೆ ಒಳಗಿದ್ದರು, ನಾನೇ ಬಾಗಿಲು ತೆಗೆದೆ. ಅವನ ಕಣ್ಣು ಕೆಂಪು. ಅಂಗಿಯಿಂದ ಆ ವಾಸನೆ — ಪೊಟ್ಟಣದ್ದಲ್ಲ, ಹೊಗೆಯದು.

“ಶುರು ಮಾಡೀಯೇನು?” ಎಂದೆ.

ಪೊಟ್ಟಣ ಮುಂದೆ ಹಿಡಿದ. “ಬಿಟ್ಟಿದ್ದೆ ಭಾಭಿ. ಖರೇನ ಬಿಟ್ಟಿದ್ದೆ. ಮತ್ತ ಅದ ಮಂದಿ ಹತ್ರ ಹೋಗಿ ಕೇಳಬೇಕು, ಕಿಸೆದಾಗ ಇಟಗೊಂಡು ಬಸ್ಸಿನ್ಯಾಗ ಕುಂದ್ರಬೇಕು… ಎರಡ್ ಸಲ ತಡದೆ. ಆಮ್ಯಾಲ ಆಗಲಿಲ್ಲ.”

“ಮೊದಲ ಯಾಕ ಹೇಳಲಿಲ್ಲ?”

“ಅಮ್ಮಿ ನನ್ನ ಬಾಗಲಕ್ಕ ಬಂದಿದ್ಲು. ಏನಂತ ಇಲ್ಲ ಅನ್ಲಿ?”

ಪೊಟ್ಟಣ ತೆಗೆದುಕೊಂಡೆ. ಅವನೆದುರೇ ಬಚ್ಚಲ ನೀರಿಗೆ ಸುರಿದೆ. ಇನ್ನು ತರಬೇಡ, ನೀನು ಬಾ, ಬರಿಗೈಲಿ ಬಾ ಎಂದೆ. ತಲೆಯಾಡಿಸಿದ. ಅತ್ತೆ ಹೊರಗೆ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಅತ್ತೆಗೆ ಹೇಳಿದೆ.  “ಒಬ್ಬರನ್ನ ಉಳಸಾಕ ಹೋಗಿ…” ಎಂದರು. 

ಇನ್ನೂ ಎರಡು ತಿಂಗಳಿನಷ್ಟು ಇಂಜೆಕ್ಷನ್ ಬಾಕಿ. ಸೋಮವ್ವ ಸಿಸ್ಟರ್ ಬಂದರು. ಚುಚ್ಚಿಸಿಕೊಂಡೆ.

ಅಕ್ಟೋಬರ್ 25, ಬುಧವಾರ

ಈದ್. ಸುರಕುಂಬಾ ಪಾಯಸವನ್ನು ಮೂಗಿನ ಹತ್ತಿರ ತರಲಾಗಲಿಲ್ಲ. ವಾಂತಿ, ಜ್ವರ, ಮತ್ತೆ ವಾಂತಿ. ಆಸೀಮ ಚಮಚದಿಂದ ಗಂಜಿ ಹಾಕುತ್ತಾರೆ. ಒಂದು ಚಮಚ, ಕಾಯುವುದು, ಇನ್ನೊಂದು. ಟ್ರಿಪ್ ಇದ್ದರೂ ಬಿಟ್ಟು ಬರುತ್ತಾರೆ. ಮುಸ್ಕಾನ್ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾಳೆ.

ಇಕ್ಬಾಲ್ ಬರಲಿಲ್ಲ. ಅವನ ಪಾಲಿನ ಬಟ್ಟಲನ್ನು ಅತ್ತೆ ಸಂಜೆಯವರೆಗೂ ಮುಚ್ಚಿಟ್ಟಿದ್ದರು.

ನವೆಂಬರ್ 11, ಶನಿವಾರ

ಕೊನೆಯ ಇಂಜೆಕ್ಷನ್. ತೂಕ ಇಳಿದಿದೆ, ಆದರೆ ಡಾಕ್ಟರು ನಿಲ್ಲಿಸಲಿಲ್ಲ. ಫಲ ಗೊತ್ತಾಗಲು ಇನ್ನಾರು ತಿಂಗಳು ಕಾಯಬೇಕು. ಏನೂ ಅನ್ನಿಸುತ್ತಿಲ್ಲ.

ಜನವರಿ 21, 2007. ಭಾನುವಾರ

ಅತ್ತೆ ಚಚಡಿಗೆ ಹೋಗಿ ಬಂದರು. ಮೂರನೇ ಸಲ. ಅಂಗಡಿ ಮುಚ್ಚಿತ್ತು. ಪಕ್ಕದ ಕಿರಾಣಿಯ ಅಂದಾನೆಪ್ಪ ಹೇಳಿದರಂತೆ — ಇಕ್ಬಾಲ್ ತಾನಾಗಿಯೇ ಧಾರವಾಡದ ಆಸ್ಪತ್ರೆ ಸೇರಿದ್ದಾನೆ, ಚಟ ಬಿಡಿಸಿಕೊಳ್ಳಲು. ಮನೆಗೆ ಹೇಳಬೇಡಿ ಎಂದಿದ್ದನಂತೆ.

ಆಸೀಮ ಕೇಳಿಸಿಕೊಂಡರು. 

ಮೇ 19, ಶನಿವಾರ. ಮಧ್ಯಾಹ್ನ

ವೈರಸ್ ಇಲ್ಲ. ಡಾಕ್ಟರು ರಿಪೋರ್ಟ್ ಎರಡು ಸಲ ಓದಿ ಹೇಳಿದರು. ಮುಸ್ಕಾನ್ ನನ್ನ ಹೆಗಲಿಗೆ ಮುಖ ಒತ್ತಿ ನಿಂತಳು. ಅತ್ತೆ ಅಳಲಿಲ್ಲ. ನೀರು ಕುಡಿದು, “ಅವಂಗೂ ತಿಳೀಬೇಕಲ್ಲ,” ಎಂದರು.

ಇಕ್ಬಾಲ್ ಆಸ್ಪತ್ರೆಯಿಂದ ಬಂದು ಮತ್ತೆ ಅಂಗಡಿ ತೆರೆದಿದ್ದಾನಂತೆ. ಬರಲು ನಾಚಿಕೆ ಇರಬೇಕು. ನಾನು ಹೋಗುತ್ತೇನೆ ಎಂದೆ. ಆಸೀಮ ಗೂಟದಿಂದ ಗಾಡಿಯ ಕೀಲಿ ತೆಗೆದುಕೊಂಡರು.

“ನೀ ಕುಂಡ್ರು. ನಾ ಹೋಗತೇನಿ.”

ತಮ್ಮನನ್ನು ಹೊರಹಾಕಿದ ಮೇಲೆ ಅವರು ಚಚಡಿಯಲ್ಲಿ ಗಾಡಿ ನಿಲ್ಲಿಸಿದ್ದೇ ಇಲ್ಲ.

ಸಂಜೆ

ಇನ್ನೂ ಬಂದಿಲ್ಲ. ಅತ್ತೆ ರೊಟ್ಟಿ ಬಡಿಯುತ್ತಿದ್ದಾರೆ. ಎಷ್ಟು ಜನಕ್ಕೆ ಎಂದು ನಾನು ಕೇಳಲಿಲ್ಲ. ಒಗ್ಗರಣೆಯ ವಾಸನೆಗೆ ಹಸಿವಾಗುತ್ತಿದೆ.

ಟ್ರ್ಯಾಕ್ಸ್ ಬಂದು ನಿಂತಿತು. ಒಂದು ಬಾಗಿಲು ಹಾಕಿದ ಸದ್ದು. ಅತ್ತೆಯ ಕೈ ನಿಂತಿದೆ. ಇನ್ನೊಂದು ಬಾಗಿಲು ಹಾಕಿದ ಸದ್ದು.